ಹಳೆಯ ದೋಣಿ, ತಪ್ಪು ಪ್ರೊಪೆಲರ್: ಮಿನ್ನೆಟೊಂಕಾದಲ್ಲಿ ನಾಲ್ಕು ಬೇಸಿಗೆ

ನಾಲ್ಕು ವರ್ಷಗಳ ಹಿಂದೆ 7,500 ಡಾಲರ್ ಕೊಟ್ಟು ಕೊಂಡ, 2006ರ ಮಾದರಿಯ, ಹದಿನೇಳೂವರೆ ಅಡಿ ಉದ್ದದ ಬೌರೈಡರ್ (ಮೂತಿಯ ಕಡೆಯೂ ಕೂರಲು ಜಾಗವಿರುವ) ದೋಣಿಯ ವಿಮರ್ಶೆ ಇದು. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಮಿನ್ನೆಟೊಂಕಾ ಸರೋವರದಲ್ಲಿ, ನಾನು, ಹೆಂಡತಿ, ಇಬ್ಬರು ಮಕ್ಕಳು ಮತ್ತು ಮೇ ತಿಂಗಳಲ್ಲಿ ಮೈಸೂರಿನಿಂದ ಬರುವ ಅಮ್ಮ, ಹೀಗೆ ಐದು ಜನ ಇದನ್ನು ಬಳಸುತ್ತೇವೆ. ಎಂಜಿನ್ ಮರ್ಕ್ರೂಸರ್ 3.0 ಲೀಟರ್, 135 ಅಶ್ವಶಕ್ತಿಯದು. ಇದೇ ಎಂಜಿನ್ನಿನ ದೋಣಿಗಳು ಹಳೆಯ ಮಾಲಿನ ಜಾಹೀರಾತುಗಳಲ್ಲಿ ಬೇಕಾದಷ್ಟು ಸಿಗುವುದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕೊಳ್ಳುವಾಗ ನಾನು ಎಚ್ಚರ ತಪ್ಪಿರಲಿಲ್ಲ. ತಣ್ಣಗಿದ್ದಾಗ ಚಾಲೂ ಆಗಲು ಮೊಂಡಾಡುವುದನ್ನು ಮುಚ್ಚಿಡಲು ಮಾರುವವರು ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿಲ್ಲವೆಂದು ಕೈಯಿಟ್ಟು ನೋಡಿದೆ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಹಿಂಬದಿಯ ಗೋಡೆಯನ್ನು ಅಂಗುಲ ಅಂಗುಲವೂ ಬಡಿದು, ಒಳಗಿನ ಮರ ಕೊಳೆತಿದ್ದರೆ ಬರುವ ಮಂದ ಸದ್ದಿಗಾಗಿ ಕಿವಿಗೊಟ್ಟೆ. ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲರಿಗೆ ಮುಟ್ಟಿಸುವ ಡ್ರೈವಿನ ಗೇರ್ ಆಯಿಲ್ ತೆಗೆಸಿ, ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿಲ್ಲವೆಂದು ಖಚಿತಪಡಿಸಿಕೊಂಡೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಸೀಳಿಹೋಗುವುದು ಈ ರಾಜ್ಯದಲ್ಲಿ ಮಾಮೂಲಾದ್ದರಿಂದ, ಬ್ಲಾಕಿನ ಹೊರಮೈಯಲ್ಲಿ ತುಕ್ಕಿನ ಗೆರೆಗಳನ್ನೂ ಟಾರ್ಚ್ ಹಿಡಿದು ಹುಡುಕಿದೆ. ನೋಡದೆ ಬಿಟ್ಟದ್ದು ಒಂದೇ: ಪ್ರೊಪೆಲರ್.

ಪರೀಕ್ಷೆಗೆ ಹೋದಾಗ ದೋಣಿಯಲ್ಲಿ ಇದ್ದವರು ಇಬ್ಬರೇ. ದೋಣಿ ಸಲೀಸಾಗಿ ನೀರಿನ ಮೇಲೆದ್ದು ಓಡಿತು. ಮೊದಲ ಭಾನುವಾರ ಐದು ಜನ, ತುಂಬಿದ ಪೆಟ್ರೋಲ್ ಟ್ಯಾಂಕ್, ಚಿತ್ರಾನ್ನದ ಡಬ್ಬಿ, ಐಸ್ ಪೆಟ್ಟಿಗೆ ಎಲ್ಲವನ್ನೂ ಹೊತ್ತಾಗ ಮಾತ್ರ ಅದರ ನಿಜ ಬಣ್ಣ ಕಂಡಿತು. ಮೂತಿ ಆಕಾಶಕ್ಕೆ ಎದ್ದು, ಎದುರಿಗೆ ಏನಿದೆಯೆಂದು ಕಾಣದೆ, ದೋಣಿ ಅರ್ಧ ನಿಮಿಷ ಏದುಸಿರು ಬಿಟ್ಟು ಮತ್ತೆ ಕುಳಿತುಬಿಡುತ್ತಿತ್ತು. ಹಾಗೆಂದು ಅತಿಭಾರವೂ ಆಗಿರಲಿಲ್ಲ. ಇಪ್ಪತ್ತು ಅಡಿಗಿಂತ ಚಿಕ್ಕ ದೋಣಿಗಳಿಗೆ ಕಡ್ಡಾಯವಾಗಿರುವ ಭಾರದ ಫಲಕದ ಮಿತಿಯೊಳಗೇ ಇದ್ದೆವು. ಆ ಬೇಸಿಗೆಯಿಡೀ ನಾನು ಎಥನಾಲ್ ಬೆರೆತ ಪೆಟ್ರೋಲನ್ನು ಶಪಿಸುತ್ತ, ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಇಂಧನದ ಫಿಲ್ಟರ್ ಎಂದು ಒಂದೊಂದನ್ನೇ ಬದಲಿಸಿ ನಾನೂರು ಡಾಲರ್ ಕಳೆದೆ. ದೋಣಿಯನ್ನು ಮಾರಿಬಿಡುವ ಮಾತೂ ಮನೆಯಲ್ಲಿ ನಡೆಯಿತು.

ದೋಣಿ ಇಳಿಸುವ ಕಟ್ಟೆಯಲ್ಲಿ ಸಿಕ್ಕ ಹಿರಿಯರೊಬ್ಬರು ನನ್ನ ಗೋಳು ಕೇಳಿ, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆಂದು ವಿಚಾರಿಸಿದರು. ಮನೆಯವರನ್ನೆಲ್ಲ ಕೂರಿಸಿಕೊಂಡಾಗ 4,100 ದಾಟುತ್ತಿರಲಿಲ್ಲ; ಈ ಎಂಜಿನ್ 4,400ರಿಂದ 4,800ರವರೆಗೆ ಸುತ್ತಬೇಕು. ಅವರು ಬಗ್ಗಿ ಪ್ರೊಪೆಲರ್‌ನ ಮೇಲೆ ಕೊರೆದಿದ್ದ 21 ಎಂಬ ಅಂಕಿಯನ್ನು ತೋರಿಸಿದರು. ಅದು ಪ್ರೊಪೆಲರ್‌ನ ಪಿಚ್, ಅಂದರೆ ಅದು ಒಂದು ಸುತ್ತಿಗೆ ಲೆಕ್ಕಪ್ರಕಾರ ಎಷ್ಟು ಅಂಗುಲ ಮುಂದೆ ಸಾಗಬೇಕು ಎಂಬುದು. ಹಿಂದಿನ ಮಾಲೀಕರು ಇಬ್ಬರೇ ಓಡಾಡುತ್ತಿದ್ದವರು; ವೇಗಕ್ಕಾಗಿ ಇದನ್ನು ಹಾಕಿಸಿಕೊಂಡಿದ್ದಿರಬೇಕು. ಪಿಚ್ ಒಂದು ಅಂಗುಲ ಇಳಿಸಿದರೆ ಎಂಜಿನ್ ಸುಮಾರು 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ.

ಹತ್ತೊಂಬತ್ತರ ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲರ್ 150 ಡಾಲರಿಗೆ ಸಿಕ್ಕಿತು. ಅಕಸ್ಮಾತ್ ಚಾಲೂ ಆಗದಿರಲೆಂದು ಮೊದಲು ಎಂಜಿನ್ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ರೆಕ್ಕೆ ತಿರುಗದಂತೆ ಮರದ ತುಂಡೊಂದನ್ನು ಸಿಕ್ಕಿಸಿ, ವಾಷರಿನ ಮಡಿಚಿದ ಕಿವಿಗಳನ್ನು ನೇರ ಮಾಡಿ, ನಟ್ ಬಿಚ್ಚಿ, ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಸವರಿ ಹೊಸದನ್ನು ಕೂರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಮುಂದಿನ ಶನಿವಾರ ಅದೇ ಐದು ಜನ, ಅದೇ ಡಬ್ಬಿ. ಎಂಜಿನ್ 4,500 ಮುಟ್ಟಿತು, ಮೂತಿ ಒಮ್ಮೆ ಎದ್ದು ಕೂಡಲೇ ತಗ್ಗಿತು, ಅಮ್ಮನ ಕೈಯಲ್ಲಿದ್ದ ಕಾಫಿ ಲೋಟ ತುಳುಕಲಿಲ್ಲ. ಗರಿಷ್ಠ ವೇಗ ಸ್ವಲ್ಪ ಕುಗ್ಗಿದ್ದು ನನ್ನನ್ನು ಬಿಟ್ಟು ಬೇರೆ ಯಾರ ಗಮನಕ್ಕೂ ಬರಲಿಲ್ಲ.

ಅಂದಿನಿಂದ ಈ ದೋಣಿಯ ಮೇಲಿನ ನನ್ನ ಸಿಟ್ಟು ಇಳಿದಿದೆ, ತಗಾದೆಗಳು ಪೂರ್ತಿ ತೀರಿಲ್ಲ. 2010ರಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಈ ಸರೋವರದಲ್ಲಿ ಪತ್ತೆಯಾಯಿತು. ಇಂಥವು ಬೇರೆ ಕೆರೆಗಳಿಗೆ ಹರಡದಿರಲೆಂದೇ, ದೋಣಿಯನ್ನು ರಸ್ತೆಯಲ್ಲಿ ಒಯ್ಯುವಾಗ ತಳದ ಬಿರಡೆ ತೆಗೆದಿರಬೇಕೆಂಬ ಕಾನೂನು ಇಲ್ಲಿದೆ. ತೆಗೆದದ್ದನ್ನು ಮತ್ತೆ ಹಾಕಲು ಮರೆತು, ಕಾಲಡಿಗೆ ನೀರು ಬರುವವರೆಗೂ ಗೊತ್ತಾಗದೆ ಹೋದದ್ದು ಒಮ್ಮೆ ಆಗಿದೆ. ಈಗ ಆ ಹಿತ್ತಾಳೆಯ ಬಿರಡೆಯನ್ನು ಎಂಜಿನ್ ಕೀಲಿಯ ಜೊತೆಗೇ ಕಟ್ಟಿಟ್ಟಿದ್ದೇನೆ. ಕೀಲಿ ಬಿಚ್ಚಿ ಬಿರಡೆಯನ್ನು ತಿರುಗಿಸಿ ಕೂರಿಸುವುದು ಮಗಳ ಕೆಲಸ. ಆಮೇಲೆ ಎಂಜಿನ್ ಗೂಡಿನ ಪೆಟ್ರೋಲ್ ಆವಿ ಹೊರಹೋಗಲು ನಾಲ್ಕು ನಿಮಿಷ ಬ್ಲೋವರ್ ಓಡಿಸುತ್ತೇವೆ. ಆ ನಾಲ್ಕು ನಿಮಿಷದಲ್ಲಿ ಎಲ್ಲರ ಲೈಫ್ ಜಾಕೆಟ್ಟಿನ ಬಕಲ್ ಬಿಗಿದು, ಫ್ಲಾಸ್ಕಿನಿಂದ ಮೊದಲ ಲೋಟ ಕಾಫಿ ಬಗ್ಗಿಸಿಯೂ ಆಗುತ್ತದೆ.

ಅಕ್ಟೋಬರಿನಲ್ಲಿ ದೋಣಿ ಮೂಲೆ ಸೇರುತ್ತದೆ. ಎಂಜಿನ್ನಿನೊಳಗಿನ ನೀರು ಬಸಿಯಲು ಬ್ಲಾಕ್ ಮತ್ತು ಮ್ಯಾನಿಫೋಲ್ಡಿನ (ಹೊಗೆ ಸಾಗುವ ಕೊಳವೆಯ) ಪ್ಲಗ್‌ಗಳನ್ನು ಬಿಚ್ಚಿದರಷ್ಟೇ ಸಾಲದು. ಒಳಗಿನ ಮರಳು, ತುಕ್ಕು ರಂಧ್ರಕ್ಕೆ ಅಡ್ಡ ಬಂದು ನೀರು ಉಳಿದುಬಿಡಬಹುದಾದ್ದರಿಂದ ತಂತಿ ಹಾಕಿ ಕೆದಕಲೇಬೇಕು. ಅಂಗಡಿಯಲ್ಲಿ ಈ ಕೆಲಸಕ್ಕೆ ಕೇಳಿದ 350 ಡಾಲರ್ ನನ್ನ ಬಜೆಟ್ಟಿಗೆ ಹೆಚ್ಚಾದ್ದರಿಂದ ನಾನೇ ಮಾಡುತ್ತೇನೆ. ಸಾಮಾನ್ಯವಾಗಿ ಅದೇ ಹೊತ್ತಿಗೆ ಆಯುಧಪೂಜೆಯೂ ಬರುವುದರಿಂದ, ಊರಿಗೆ ಹೊರಡುವ ಮುನ್ನ ಅಮ್ಮ ಟ್ರೇಲರಿನ ಎರಡು ಚಕ್ರಗಳಡಿಯೂ ನಿಂಬೆಹಣ್ಣಿಟ್ಟು, ಮೂತಿಗೆ ಕುಂಕುಮ ಹಚ್ಚುತ್ತಾರೆ. ಕಳೆದ ಸಲ ಪ್ರೊಪೆಲರಿಗೂ ಒಂದು ಹೂವು ಸಿಕ್ಕಿಸಿದ್ದರು. ನೀರು ಒಳಬಾರದಂತೆ ತಡೆಯುವ, ಡ್ರೈವಿನ ರಬ್ಬರ್ ಬೆಲ್ಲೋಸ್ ಬಿರುಕು ಬಿಡಲು ಶುರುವಾಗಿದೆ, ಏಪ್ರಿಲಿನಲ್ಲಿ ಬದಲಿಸಬೇಕು.