6ನೇ ಸೈಜಿನ ರಬ್ಬರ್ ಬ್ಯಾಸ್ಕೆಟ್‌ಬಾಲ್: ಒಂದು ವರ್ಷ ಆಡಿಸಿದ ಮೇಲೆ

ನಾನು ಕುಶಾಲನಗರದ ಹತ್ತಿರದ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಹೋದ ಜೂನ್‌ನಲ್ಲಿ ಮೈಸೂರಿನಿಂದ ಎರಡು ರಬ್ಬರ್ ಬ್ಯಾಸ್ಕೆಟ್‌ಬಾಲ್ ತಂದೆ. ಒಂದಕ್ಕೆ 480 ರೂಪಾಯಿ. ಅಂಗಡಿಯವರು ಮೊದಲು ಕೊಟ್ಟಿದ್ದು 7ನೇ ಸೈಜು. ಅದು ಗಂಡಸರ ಮ್ಯಾಚಿನದು. ನಮ್ಮ 8ನೇ ಕ್ಲಾಸಿನ ಕೈಗಳಿಗೆ 6 ಸಾಕು. ನೋಡಿ ತಗೊಳ್ಳಿ.

ಇಷ್ಟು ದಿನ ನಾನು ಆಡಿಸುತ್ತಿದ್ದದ್ದು ಬರೀ ಕಬಡ್ಡಿ, ಖೊ-ಖೊ. ಬೈಲಕುಪ್ಪೆಯ ನಿರಾಶ್ರಿತರ ಕ್ಯಾಂಪಿನಿಂದ ಬರುವ ನಾಲ್ಕೈದು ಟಿಬೆಟನ್ ಮಕ್ಕಳು ನೇರಳೆ ಮರದ ಕೆಳಗೆ ನಿಂತೇ ಪೀರಿಯಡ್ ಕಳೆಯುತ್ತಿದ್ದರು. ಅವರ ಹಿರಿಯರು 1960ರ ಆಸುಪಾಸಿನಲ್ಲಿ ಬಂದು, ಕಾಡು ಕಡಿದು ಮುಸುಕಿನ ಜೋಳ ಬೆಳೆದವರು. ಈ ಮಕ್ಕಳು ಹುಟ್ಟಿದ್ದೇ ಇಲ್ಲಿ. ಆದರೂ ನಾನು ಇಬ್ಬರು ಲೀಡರ್‌ಗಳನ್ನು ಕರೆದು 'ಆರಿಸಿಕೊಳ್ಳಿ' ಅಂದರೆ, ಕೊನೆಗೆ ಉಳಿಯುತ್ತಿದ್ದವರು ಇವರೇ. ತಪ್ಪು ನನ್ನದು ಅಂತ ಹೊಳೆಯಲು ಮೂರು ವರ್ಷ ಬೇಕಾಯಿತು.

ಕ್ಯಾಂಪಿನಲ್ಲಿ ಬ್ಯಾಸ್ಕೆಟ್‌ಬಾಲ್ ಹುಚ್ಚು ಜಾಸ್ತಿ. ಚೆಂಡು ಬಂದ ದಿನ ಮರದ ಕೆಳಗಿನ ಒಬ್ಬ ಹುಡುಗಿ ಎಡಗೈಯಲ್ಲಿ ಪುಟಿಸುತ್ತಾ ಮೂವರನ್ನು ದಾಟಿ ಹೋದಳು. ನಮ್ಮ ಕಬಡ್ಡಿ ಕ್ಯಾಪ್ಟನ್ ಸುಮ್ನೆ ನೋಡುತ್ತಾ ನಿಂತ. ಮುಂದಿನ ವಾರ ಮೊದಲು ಕೂಗಿದ್ದು ಅವಳ ಹೆಸರು. ಕೊನೆಗೆ ಉಳಿದವನು ಕೊಪ್ಪದ ಒಬ್ಬ ದಪ್ಪ ಹುಡುಗ. ಅವತ್ತಿಂದ ಆರಿಸುವುದನ್ನೇ ಬಿಟ್ಟೆ. ಒಂದು, ಎರಡು ಎಣಿಸಿ ಹಂಚುತ್ತೇನೆ.

ಇನ್ನು ಚೆಂಡಿನ ಕಥೆ. ಸಿಮೆಂಟು ನೆಲಕ್ಕೆ ರಬ್ಬರೇ ಸರಿ, ಚರ್ಮದ್ದು ಬೇಗ ಸವೆಯುತ್ತದೆ. ಹೆಗಲೆತ್ತರದಿಂದ ಬಿಟ್ಟರೆ ಈಗಲೂ ಸೊಂಟದವರೆಗೆ ಪುಟಿಯುತ್ತದೆ. ಹೊಸತರಲ್ಲಿ ಟೈರಿನ ವಾಸನೆ. ನಮ್ಮ ಮಳೆಗೆ ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಗಾಳಿ ಹಾಕುವ ಸೂಜಿ ಜೊತೆಗೆ ಕೊಡಲ್ಲ, ಬೇರೆ ಕೊಳ್ಳಬೇಕು. ಒಂದು ಚೆಂಡಿನ ವಾಲ್ವ್ ಸೋರುತ್ತದೆ. ಅದಕ್ಕೇ 5ಕ್ಕೆ 4.

ಮೇಲೆ 'ಜಲಂಧರ್' ಅಂತ ಅಚ್ಚಿದೆ. ಪಂಜಾಬಿನ ಆ ಊರಿಗೆ ಆಟದ ಸಾಮಾನು ಮಾಡುವ ಕಸುಬು ತಂದವರೂ 1947ರಲ್ಲಿ, ದೇಶ ಇಬ್ಭಾಗವಾದಾಗ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಬಿಟ್ಟು ಬಂದವರೇ. ಮಕ್ಕಳಿಗೆ ಹೇಳಿದೆ. 'ಹಾಗಾದ್ರೆ ಅವರಿಗೂ ಕ್ಯಾಂಪ್ ಇತ್ತಾ ಸರ್?' ಅಂತ ಕೇಳಿದಳು ಆ ಹುಡುಗಿ. 'ಇತ್ತಮ್ಮ' ಅಂದೆ.

ಸೋರುವ ಚೆಂಡಿಗೆ ಸೋಮವಾರ ಸೋಮವಾರ ಗಾಳಿ ಹಾಕಬೇಕು. ಕ್ಯಾಪ್ಟನ್ ಮಂಡಿ ಮಧ್ಯೆ ಒತ್ತಿ ಹಿಡಿಯುತ್ತಾನೆ, ಅವಳು ಪಂಪು ಒತ್ತುತ್ತಾಳೆ. ಎಣಿಸುವವನು ಅವನು, ಟಿಬೆಟನ್ ಭಾಷೆಯಲ್ಲಿ: ಚಿಕ್, ಞಿ, ಸುಮ್... ಹತ್ತರವರೆಗೆ ಇನ್ನೂ ಬಾಯಿಗೆ ಬಂದಿಲ್ಲ.