ಹುಬ್ಬಳ್ಳಿ ವಿಮಾನ ನಿಲ್ದಾಣ: ಊರಿನ ಮೊದಲ ಪರಿಚಯ ಹೇಗಿದೆ?

ಪರಸ್ಥಳದವರು ಒಂದು ಊರಿನ ಗುಡಿ, ಕೆರೆ, ಮಾರುಕಟ್ಟೆಗಳನ್ನು ನೋಡುವ ಮೊದಲೇ, ವಿಮಾನದ ಮೆಟ್ಟಿಲಿಳಿದು ಟ್ಯಾಕ್ಸಿ ಹತ್ತುವವರೆಗಿನ ಅರ್ಧ ಗಂಟೆಯಲ್ಲಿ ಅದರ ಬಗ್ಗೆ ಅರ್ಧ ಅಭಿಪ್ರಾಯ ಕಟ್ಟಿಕೊಂಡುಬಿಡುತ್ತಾರೆ. ಗೋಕುಲ ರಸ್ತೆಯ ನಮ್ಮ ನಿಲ್ದಾಣವನ್ನು ಈ ಅರ್ಧ ಗಂಟೆಯ ಲೆಕ್ಕದಲ್ಲಿಯೇ ಅಳೆಯುವುದು ನ್ಯಾಯ.

2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡ ಈ ಟರ್ಮಿನಲ್ ಚಿಕ್ಕದು, ಮತ್ತು ಅದರ ದೊಡ್ಡ ಗುಣವೂ ಅದೇ. ಕಟ್ಟಡವನ್ನು ವಿಮಾನದ ಬಾಗಿಲಿಗೆ ಜೋಡಿಸುವ ಏರೋಬ್ರಿಜ್ ಇಲ್ಲದ್ದರಿಂದ ಪ್ರಯಾಣಿಕರು ಮೆಟ್ಟಿಲಿಳಿದು ಬಯಲಿಗೇ ಕಾಲಿಡುತ್ತಾರೆ. ಮಳೆಗಾಲವಾದರೆ ಪಶ್ಚಿಮದ ಕಡೆಯಿಂದ ಬೀಸುವ ತಂಪು ಗಾಳಿ, ಏಪ್ರಿಲ್ ಆದರೆ ಕಾದ ಕಾಂಕ್ರೀಟಿನ ಝಳ ನೇರವಾಗಿ ಮುಖಕ್ಕೆ ಬಡಿಯುತ್ತದೆ. ಮಲೆನಾಡಿನ ಅಂಚು ಹಾಗೂ ಯರಿಭೂಮಿಯ ಬಯಲುಸೀಮೆ ಕೂಡುವ ಪ್ರದೇಶವಿದು ಎಂಬುದನ್ನು ಯಾವ ಭಿತ್ತಿಚಿತ್ರವೂ ಇಷ್ಟು ಬೇಗ ತಿಳಿಸಲಾರದು. ವಿಮಾನದಿಂದ ಲಗೇಜ್ ಬೆಲ್ಟಿಗೆ, ಅಲ್ಲಿಂದ ಹೊರಬಾಗಿಲಿಗೆ ಇರುವ ದಾರಿ ಎಷ್ಟು ಮೊಟಕೆಂದರೆ, ಫಲಕ ಹುಡುಕುವ ಪ್ರಮೇಯವೇ ಬರುವುದಿಲ್ಲ. ದಾರಿ ತಪ್ಪುವ ಆತಂಕವಿಲ್ಲದವನ ಕಣ್ಣಿಗೆ ಸುತ್ತಲಿನ ಜನ ಕಾಣುತ್ತಾರೆ: ಬೆಲ್ಟಿನ ಪಕ್ಕದಲ್ಲಿಯೇ ಫೋನಿನಲ್ಲಿ 'ಇಳದೀನ್ರಿ, ಗಾಡಿ ತರಬ್ಯಾಡ್ರಿ, ನಾನ ಬರ್ತೀನಿ' ಎಂದು ಗಟ್ಟಿಯಾಗಿ ಹೇಳುವ ವ್ಯಾಪಾರಸ್ಥರು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಾಗಿ ಕಾಯುವ ಅಜ್ಜಿ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ ಇದಕ್ಕೆ ತೀರ ವಿರುದ್ಧವಾದದ್ದು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಬಿದಿರಿನ ಚಾವಣಿ, ತೂಗುವ ಹಸಿರು, ಎರಡೂ ಉದ್ಯಾನನಗರಿಯ ಹೆಸರನ್ನು ನೆನಪಿಸಲೆಂದೇ ರೂಪುಗೊಂಡಿವೆ; ನಿಲ್ದಾಣದ ಆವರಣದಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆಯೂ ಇದೆ. ನೋಡಲು ನಿಜಕ್ಕೂ ಸೊಗಸು. ಆದರೆ ಅಲ್ಲಿ ಹುಟ್ಟಿದ ನಿರೀಕ್ಷೆಯನ್ನು ಹೊತ್ತು ದೂರದ ಪೇಟೆ ಸೇರುವ ಹೊತ್ತಿಗೆ ಹೆಬ್ಬಾಳದ ವಾಹನದಟ್ಟಣೆ ಅದರಲ್ಲಿ ಬಹುಪಾಲನ್ನು ಕಸಿದುಕೊಂಡಿರುತ್ತದೆ. ಹುಬ್ಬಳ್ಳಿಯದು ಏನನ್ನೂ ಉಬ್ಬಿಸಿ ಹೇಳದ ನಿಲ್ದಾಣವಾದ್ದರಿಂದ ಊರೊಳಗೆ ಹೋದ ಮೇಲೆ ನಿರಾಸೆಯೂ ಕಡಿಮೆ.

ಕೊರತೆ ಶುರುವಾಗುವುದು ಹೊರಬಾಗಿಲಿನಲ್ಲಿ. ಹುಬ್ಬಳ್ಳಿ-ಧಾರವಾಡದ ಹೆಮ್ಮೆಯ ತ್ವರಿತ ಬಸ್ ಸೇವೆಯಾದ ಚಿಗರಿಯ ಪ್ರತ್ಯೇಕ ಪಥ ಹೊಸೂರು, ಉಣಕಲ್ಲು, ನವನಗರಗಳ ಮೂಲಕ ಸಾಗುತ್ತದೆಯೇ ಹೊರತು ಗೋಕುಲ ರಸ್ತೆಯ ಈ ತುದಿಯನ್ನು ಮುಟ್ಟುವುದಿಲ್ಲ. ಹೀಗಾಗಿ ಧಾರವಾಡದ ವಿಶ್ವವಿದ್ಯಾಲಯಕ್ಕೋ ಗದಗ, ಲಕ್ಕುಂಡಿಗಳಿಗೋ ಹೊರಟ ಅಪರಿಚಿತರಿಗೆ ಊರಿನ ಮೊದಲ ಮಾತು 'ಎಲ್ಲಿಗ್ರೀ, ಧಾರವಾಡಕ್ಕೇನ್ರಿ?' ಎಂಬ ಚಾಲಕರ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಆ ದನಿಯಲ್ಲಿ ಆದರವಿದೆ ಎಂದು ಕನ್ನಡಿಗರಿಗೆ ಗೊತ್ತು. ಭಾಷೆ ಬಾರದವರಿಗೆ ಅದು ಚೌಕಾಸಿಗೆ ಕರೆದಂತೆ ಕೇಳಿಸಬಹುದು. ಬಸ್ಸಿನ ವೇಳೆ, ಟ್ಯಾಕ್ಸಿಯ ದರ ಎರಡನ್ನೂ ಬಾಗಿಲಿನಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಬರೆಸಿಡುವುದು ಯಾವ ಅಲಂಕಾರಕ್ಕಿಂತಲೂ ಹೆಚ್ಚು ಉಪಕಾರಿ.

2024ರ ಮಾರ್ಚ್ 10ರಂದು ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆಯಾಗಿದೆ. ಅದರ ಗೋಡೆಗಳಿಗೆ ಮತ್ತೆ ಹಂಪಿಯ ಕಲ್ಲಿನ ರಥವನ್ನೇ ತರಬೇಡಿ ಎಂಬುದು ನನ್ನ ವಿನಂತಿ. ಅದು ನಮ್ಮ ಜಿಲ್ಲೆಯದಲ್ಲ. ಕಸೂತಿ ಹೊಲಿಗೆಯ ಗೋಪುರದ ಚಿತ್ತಾರ, ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆ, ಬೆಂಗೇರಿಯಲ್ಲಿ ತಯಾರಾಗುವ ಖಾದಿಯ ರಾಷ್ಟ್ರಧ್ವಜ, ಇವಿಷ್ಟೂ ಕೈಗೆಟುಕುವ ದೂರದಲ್ಲಿಯೇ ಇವೆ. ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಈ ಸೀಮೆಯ ಹಿಂದೂಸ್ತಾನಿ ಗಾಯಕರಾದ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಅವರ ಗಾಯನ ಮೆಲುದನಿಯಲ್ಲಿ ಕೇಳಿಬಂದರೆ ಇದು ಯಾವ ಸೀಮೆ ಎಂದು ಯಾರೂ ಕೇಳಬೇಕಾಗಿಲ್ಲ. ಆದರೆ ಕಟ್ಟಡ ಹಿಗ್ಗಿದಂತೆ ನಡಿಗೆಯೂ ಹಿಗ್ಗುತ್ತದೆ. ಈಗಿನ ಮೊಟಕು ದಾರಿಯ ಸುಖವನ್ನು ವಿನ್ಯಾಸಕಾರರು ಹೇಗೆ ಉಳಿಸಿಕೊಳ್ಳುತ್ತಾರೋ ನೋಡಬೇಕು.

ಈಗಿನ ನಿಲ್ದಾಣಕ್ಕೆ ಐದರಲ್ಲಿ ಮೂರೂವರೆ ಅಂಕ. ಕಳೆದ ಒಂದೂವರೆಯಲ್ಲಿ ಪೂರ್ತಿ ಒಂದಂಕ, ಬಾಗಿಲಿನಿಂದ ಧಾರವಾಡದವರೆಗಿನ ದಾರಿಯ ಖಾತೆಗೆ.