ಗಾಂಜಾ ಕಾನೂನನ್ನು ಬಾಗಿಲಲ್ಲೇ ತಿಳಿಸುವ ಗೋಕರ್ಣದ ಹೋಂಸ್ಟೇ

ಶಿರಸಿಯಿಂದ ದೇವಿಮನೆ ಘಾಟ್ ಇಳಿದು, ಕುಮಟಾ ಮಾರ್ಗವಾಗಿ ಗೋಕರ್ಣ ಸೇರಿದ ನಾವು ಎರಡು ರಾತ್ರಿ ತಂಗಿದ್ದು ಕುಡ್ಲೆ ಕಡಲತೀರದ ದಾರಿಯಲ್ಲಿರುವ ಹಂಚಿನ ಮಾಡಿನ ಹೋಂಸ್ಟೇಯೊಂದರಲ್ಲಿ. ಕೋಣೆಗಳು ಚೊಕ್ಕಟವಾಗಿದ್ದವು, ಮಧ್ಯಾಹ್ನದ ಅಪ್ಪೆಹುಳಿ ನಮ್ಮ ಮನೆಯದ್ದಕ್ಕೆ ಕಡಿಮೆಯಿರಲಿಲ್ಲ. ಆದರೆ ಕಾಲೇಜು ಓದುವ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಆ ಮನೆಯವರು ಗಾಂಜಾ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡುವ ರೀತಿ. ಕಳೆದ ವರ್ಷ ನಾವು ಇಳಿದುಕೊಂಡಿದ್ದ ಬೇರೊಂದು ಕಡೆ, ಕೆಲಸದ ಹುಡುಗನೇ ಇವನ ಹತ್ತಿರ ಬಂದು "ಏನಾದರೂ ಬೇಕಾ, ಇಲ್ಲಿ ಎಲ್ಲ ನಡೆಯುತ್ತದೆ" ಎಂದಿದ್ದ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಇಲ್ಲಿ ಗುರುತಿನ ಚೀಟಿ ನೋಡಿದ ಕೂಡಲೇ ಮಾಲೀಕರು ಒಂದು ಹಾಳೆ ಕೊಟ್ಟು, ತಾವೇ ಓದಿ ವಿವರಿಸುತ್ತಾರೆ. ಮಾದಕ ವಸ್ತುಗಳ ತಡೆಗಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದಲ್ಲಿ ಒಂದು ಕಿಲೋವರೆಗಿನ ಗಾಂಜಾ "ಅಲ್ಪ ಪ್ರಮಾಣ". ಅಲ್ಪವೆಂದರೆ ಮಾಫಿ ಎಂದು ತಿಳಿದ ಹುಡುಗರು ಬಹಳ. ನಿಜದಲ್ಲಿ ಅದಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬರೀ ಸೇದಿದ್ದಕ್ಕೂ ಆರು ತಿಂಗಳವರೆಗೆ ಸಜೆಗೆ ಅವಕಾಶವಿದೆ. ಗೊತ್ತಿದ್ದೂ ತನ್ನ ಮನೆಯಲ್ಲಿ ಇಂಥ ಅಪರಾಧಕ್ಕೆ ಎಡೆಕೊಟ್ಟ ಮಾಲೀಕನಿಗೂ ಆ ಅಪರಾಧದ ಶಿಕ್ಷೆಯೇ ಎಂದು 25ನೇ ಕಲಂ ಹೇಳುವುದರಿಂದ, ತಮ್ಮ ಕಟ್ಟುನಿಟ್ಟಿಗೆ ಕಾರಣವೇನೆಂಬುದನ್ನೂ ಅವರು ಮರೆಮಾಚಲಿಲ್ಲ.

ಸಂಜೆ ಜಗಲಿಯಲ್ಲಿ ಈ ಮಾತು ಮತ್ತೆ ಎದ್ದಿತು. ಅಮೆರಿಕದ ಟೆಕ್ಸಾಸ್‌ನ ಡೆಂಟನ್ ಪಟ್ಟಣದಿಂದ ಬಂದಿದ್ದ ಅತಿಥಿಯೊಬ್ಬರು, ತಮ್ಮೂರಿನಲ್ಲಿ 2022ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ, ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂವರೆಗಿನ ಗಾಂಜಾಕ್ಕೆ ಪೊಲೀಸರು ಕೇಸು ಹಾಕಬಾರದೆಂಬ ಪ್ರಸ್ತಾವವನ್ನು ಗೆಲ್ಲಿಸಿದ್ದನ್ನು ಹೇಳಿದರು. ಅಲ್ಲಿ ಸಾಕಷ್ಟು ಸಹಿ ಸಂಗ್ರಹಿಸಿದರೆ ನಾಗರಿಕರೇ ಸ್ಥಳೀಯ ನಿಯಮವೊಂದನ್ನು ಮತಪತ್ರಕ್ಕೆ ತರಬಹುದು. ನಮ್ಮ ಗ್ರಾಮಸಭೆಗಳಿಗೆ ಇಂಥ ಅಧಿಕಾರವಿಲ್ಲ. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: "ಗೆದ್ದ ಮೇಲೆ ಏನಾಯಿತು?" ರಾಜ್ಯದ ಕಾನೂನು ಬದಲಾಗದ ಕಾರಣ ನಗರಾಡಳಿತ ಅದನ್ನು ಪೂರ್ತಿ ಜಾರಿಗೆ ತರಲಿಲ್ಲ, 2024ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಡೆಂಟನ್, ಆಸ್ಟಿನ್ ಸೇರಿ ಐದು ನಗರಗಳ ಮೇಲೆ ದಾವೆ ಹೂಡಿದರು ಎಂದು ಆ ಅತಿಥಿಯೇ ಒಪ್ಪಿಕೊಂಡರು. ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲೂ ಹೀಗೇ ಆಗಿತ್ತಂತೆ. 2005ರಲ್ಲಿ ಒಂದು ಔನ್ಸ್‌ವರೆಗೆ ಇಟ್ಟುಕೊಳ್ಳುವುದು ತಪ್ಪಲ್ಲವೆಂದು ಮತದಾರರು ತೀರ್ಮಾನಿಸಿದರೂ ಪೊಲೀಸರು ರಾಜ್ಯದ ಕಾನೂನಿನಡಿ ಕೇಸು ಹಾಕುತ್ತಲೇ ಇದ್ದರು. 2012ರಲ್ಲಿ ಇಡೀ ಕೊಲೊರಾಡೊ ಮತ ಹಾಕಿ ರಾಜ್ಯದ ಸಂವಿಧಾನವನ್ನೇ ತಿದ್ದಿದ ಮೇಲೆಯೇ ಅದು ನಿಂತದ್ದು. ಹೊರದೇಶದಲ್ಲಿ ಗಾಂಜಾ ಬಿಟ್ಟಿದ್ದಾರೆ ಎಂದು ಸದಾ ವಾದಿಸುವ ನಮ್ಮ ಹುಡುಗ ಆ ಇಡೀ ಹೊತ್ತು ಸುಮ್ಮನೆ ಕೂತು ಕೇಳಿದ. ನಾನು ಹತ್ತು ಸಲ ಗದರಿದ್ದರೂ ಆಗದ ಕೆಲಸ ಅದು.

ಒಂದು ಕೊರತೆ ಮಾತ್ರ ನನಗೆ ದೊಡ್ಡದಾಗಿ ಕಂಡಿತು. ಹಾಳೆಯಲ್ಲಿ ಶಿಕ್ಷೆಯ ವಿವರವಷ್ಟೇ ಇದೆ, ದಾರಿಯ ವಿವರವಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಮುಗಿಸಿದರೆ, ಅದೇ ಕಾಯ್ದೆಯ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಹೆದರಿದ ಹುಡುಗನಿಗೂ ಅವನ ತಾಯಿಗೂ ಮೊದಲು ಗೊತ್ತಾಗಬೇಕಾದದ್ದು ಇದು. ಚಟಕ್ಕೆ ಬಿದ್ದ ಮಕ್ಕಳನ್ನು ಜೈಲಿಗಿಂತ ಆಸ್ಪತ್ರೆಗೆ ಕಳಿಸುವುದೇ ಸರಿ ಎಂದು ನಂಬಿರುವ ನನಗೆ, ಆ ಸಾಲಿಲ್ಲದ ಹಾಳೆ ಅರ್ಧ ಬರೆದಂತೆ ತೋರಿತು. ಹೊರಡುವಾಗ ಹೇಳಿದೆ. ಅವರು ಕಲಂ ಸಂಖ್ಯೆ ಕೇಳಿ ನೋಂದಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು.

ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ. ಶಿವರಾತ್ರಿಯ ಸಮಯದಲ್ಲಿ ಊರು ತುಂಬಿರುತ್ತದೆ, ಬಹಳ ಮುಂಚೆಯೇ ಕೋಣೆ ಗೊತ್ತುಮಾಡಿಕೊಳ್ಳಬೇಕು. ಹರೆಯದ ಮಕ್ಕಳೊಂದಿಗೆ ಹೋಗುವವರು, ಸಾಧ್ಯವಾದರೆ, ಅತಿಥಿಗಳು ಜಗಲಿಯಲ್ಲಿ ಸೇರುವ ಸಂಜೆಯ ಹೊತ್ತಿಗೆ ಅಲ್ಲಿರಿ.